ಸಮರ್ಕಂದದ ಗುಮ್ಮಟಗಳೂ ಖರ್ತಂಗಿನ ಗೋರಿಯೂ

ನಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲೆ ನೀಲಿ ಗುಮ್ಮಟದ ಒಂದು ಚಿತ್ರವಿರುತ್ತದೆ. ಅಂಗಡಿಯವರು ವರ್ಷಾರಂಭದಲ್ಲಿ ಕೊಟ್ಟ ಕ್ಯಾಲೆಂಡರಿನಲ್ಲಿ, ನಿಕಾಹ್‌ನ ಆಮಂತ್ರಣ ಪತ್ರದಲ್ಲಿ, ಮದ್ರಸದ ವಾರ್ಷಿಕೋತ್ಸವದ ಬ್ಯಾನರಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅದು ಯಾವ ಊರಿನದು, ಯಾರು ಕಟ್ಟಿಸಿದ್ದು ಎಂದು ನಾವು ಕೇಳುವುದಿಲ್ಲ. ಅಂದವಾಗಿದೆ, ನೋಡಿದೊಡನೆ ಇಸ್ಲಾಮಿನ ನೆನಪು ತರುತ್ತದೆ, ಅಷ್ಟು ಸಾಕು. ಅವುಗಳಲ್ಲಿ ಕೆಲವು ಸಮರ್ಕಂದದ ಚಿತ್ರಗಳು. ಇತ್ತೀಚೆಗೆ ನಮ್ಮ ಕುಟುಂಬಗಳು ಆ ಊರುಗಳಿಗೆ ಪ್ರವಾಸವನ್ನೂ ಕೈಗೊಳ್ಳತೊಡಗಿವೆ. ದಿಲ್ಲಿಯಿಂದ ತಾಷ್ಕೆಂಟಿಗೆ ವಿಮಾನದಲ್ಲಿ ಸುಮಾರು ಮೂರು ಗಂಟೆಯ ದಾರಿ. ಹೋಗಿ ಬಂದವರು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುತ್ತ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: "ನೋಡಿ, ನಮ್ಮವರು ಏನೆಲ್ಲ ಕಟ್ಟಿದ್ದರು!"

ಈ 'ನಮ್ಮವರು' ಯಾರು ಎಂಬುದೇ ನಮ್ಮ ಪ್ರಶ್ನೆ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮವೇನಾಯಿತೆಂದು ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ. ಹೀಗೆ ನೋಡುವುದೆಂದರೆ ಕಟ್ಟಡದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದಷ್ಟೇ ಆಗಿರಲಾರದು. ಉಝ್ಬೆಕಿಸ್ತಾನದ ರಾಜಧಾನಿಯಲ್ಲೂ ಅದರ ಎರಡು ಪ್ರಾಚೀನ ನಗರಗಳಲ್ಲೂ ಏನೇನು ನಡೆಯಿತೆಂಬುದನ್ನು ತಿಳಿದರೆ ಆ ಉದ್ಗಾರ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ರಾಜಧಾನಿ ತಾಷ್ಕೆಂಟಿನಿಂದಲೇ ಆರಂಭಿಸೋಣ. 'ಕಲ್ಲಿನ ಊರು' ಎಂಬುದು ಈ ಹೆಸರಿನ ಅರ್ಥ. ಪ್ರಾಚೀನ ಅರಬ್ ಗ್ರಂಥಗಳಲ್ಲಿ ಇದು 'ಶಾಶ್'. ನಗರದ ನಟ್ಟನಡುವೆ ಒಂದು ಉದ್ಯಾನವಿದೆ. ಝಾರ್ ದೊರೆಗಳ ಕಾಲದಲ್ಲಿ ಅಲ್ಲಿ ತುರ್ಕಿಸ್ತಾನದ ಮೊದಲ ಗವರ್ನರ್ ಜನರಲ್ ಕೌಫ್‌ಮನ್‌ನ ಸ್ಮಾರಕವಿತ್ತು. ಅದು ಹೋಗಿ ಮುಂದೆ ಸ್ಟಾಲಿನ್ ಬಂದ. ಸ್ಟಾಲಿನ್‌ನನ್ನು ಇಳಿಸಿ ಕಾರ್ಲ್ ಮಾರ್ಕ್ಸ್‌ನ ತಲೆಯನ್ನು ಇರಿಸಿದರು. 1991ರಲ್ಲಿ ದೇಶ ಸ್ವತಂತ್ರವಾಯಿತು. 1993ರಲ್ಲಿ ಮಾರ್ಕ್ಸ್‌ನ ಜಾಗಕ್ಕೆ ಕುದುರೆಯೇರಿದ ಅಮೀರ್ ತೈಮೂರ್ ಬಂದ. ಬಲವಿರುವುದು ನ್ಯಾಯದಲ್ಲಿ ಎಂಬರ್ಥದ ಮಾತನ್ನು ಪೀಠದ ಮೇಲೆ ಬರೆಯಲಾಗಿದೆ. ಇಷ್ಟು ದೊರೆಗಳು ಬಂದು ಹೋಗುವುದನ್ನು ನೋಡುತ್ತ ನಿಂತಿದ್ದ ಹಳೆಯ ಚಿನಾರ್ ಮರಗಳು ಮಾತ್ರ ಆ ಉದ್ಯಾನದಲ್ಲಿ ನೆರಳು ಕೊಡುತ್ತಿದ್ದವು. 2009ರಲ್ಲಿ ಅವನ್ನೂ ಕಡಿದು ಹಾಕಿದರು. ಅನತಿ ದೂರದ ಇನ್ನೊಂದು ಚೌಕದಲ್ಲಿ ಲೆನಿನ್‌ನ ಬೃಹತ್ ಪ್ರತಿಮೆಯಿದ್ದ ಎಡೆಯಲ್ಲಿ ಈಗ ಒಂದು ಲೋಹದ ಭೂಗೋಲವಿದೆ. ಅದರ ಮೇಲೆ ಒಂದೇ ಒಂದು ದೇಶದ ಗಡಿಯನ್ನು ಗುರುತಿಸಲಾಗಿದೆ. ಯಾವ ದೇಶವೆಂದು ಹೇಳಬೇಕಾಗಿಲ್ಲ!

ತಾಷ್ಕೆಂಟಿನಲ್ಲಿ ಹಳೆಯದೆಂಬುದು ಕಡಿಮೆ. 1966ರ ಏಪ್ರಿಲ್ 26ರ ಮುಂಜಾನೆ 5 ಗಂಟೆ 23 ನಿಮಿಷಕ್ಕೆ ಭೂಮಿ ಕಂಪಿಸಿತು. ಕಂಪನ ಭಾರೀ ಪ್ರಮಾಣದ್ದಲ್ಲವಾದರೂ ಅದರ ಕೇಂದ್ರ ನಗರದ ಕೆಳಗೇ ಇತ್ತು. ಮಣ್ಣಿನ ಮನೆಗಳು ಕುಸಿದು ಸುಮಾರು 3 ಲಕ್ಷ ಜನ ನಿರಾಶ್ರಿತರಾದರು. ಸೋವಿಯೆತ್ ಗಣರಾಜ್ಯಗಳಿಂದೆಲ್ಲ ಕಾರ್ಮಿಕರು ಬಂದು ಅಗಲ ಬೀದಿಗಳ, ಕಾಂಕ್ರೀಟ್ ವಸತಿಗಳ ಹೊಸ ನಗರವನ್ನು ಕಟ್ಟಿದರು. 1977ರಲ್ಲಿ ಮೆಟ್ರೊ ಓಡಿತು. ಮನೆ ಬಂದದ್ದು ಸಂತೋಷವೇ. ಆದರೆ ಒಂದೇ ಅಂಗಳ, ಒಂದೇ ಬಾವಿ, ಒಂದೇ ಮಸೀದಿಯ ಸುತ್ತ ಬದುಕಿದ್ದ ಹಲವಾರು 'ಮಹಲ್ಲಾ'ಗಳು ಈ ನಿರ್ಮಾಣದಲ್ಲಿ ಶಾಶ್ವತವಾಗಿ ಕರಗಿಹೋದವು. ಮಹಲ್ಲಾ ಎಂಬ ಪದ ನಮಗೆ ಅಪರಿಚಿತವಲ್ಲ. ನಮ್ಮ ಊರುಗಳಲ್ಲೂ ಜಮಾಅತ್ತಿನ ಬದುಕು ಅದರ ಮೇಲೆಯೇ ನಿಂತಿದೆ. ಆ ಭೂಕಂಪಕ್ಕೆ ಮೂರೂವರೆ ತಿಂಗಳ ಮುಂಚೆ, ಜನವರಿ 10ರಂದು, ಇದೇ ನಗರದಲ್ಲಿ ಭಾರತ ಮತ್ತು ಪಾಕಿಸ್ತಾನಗಳು ಯುದ್ಧಾನಂತರದ ಒಪ್ಪಂದಕ್ಕೆ ಸಹಿ ಮಾಡಿದ್ದವು. ಆ ರಾತ್ರಿ ಕಳೆಯುವ ಮೊದಲೇ ನಮ್ಮ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಲ್ಲಿಯೇ ಕೊನೆಯುಸಿರೆಳೆದರು. ಅವರ ಪ್ರತಿಮೆಯೂ ಅವರ ಹೆಸರಿನ ಬೀದಿಯೂ ಅಲ್ಲಿವೆ. ಅಲ್ಲಿಗೆ ಹೋಗುವ ಭಾರತೀಯರು ಆ ಪ್ರತಿಮೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಹಳೆಯ ನಗರದ ಉಳಿದ ಭಾಗದಲ್ಲಿ ಹಝ್ರತಿ ಇಮಾಮ್ ಎಂಬ ಸಂಕೀರ್ಣವಿದೆ. ಅಲ್ಲಿನ ಗ್ರಂಥಾಲಯದಲ್ಲಿ, ಚರ್ಮದ ಹಾಳೆಗಳ ಮೇಲೆ ದಪ್ಪ ಕೂಫೀ ಅಕ್ಷರಗಳಲ್ಲಿ ಬರೆದ ಕುರ್‌ಆನಿನ ಪುರಾತನ ಪ್ರತಿಯೊಂದು ಗಾಜಿನ ಪೆಟ್ಟಿಗೆಯಲ್ಲಿದೆ. ಖಲೀಫಾ ಉಸ್ಮಾನ್(ರ) ಹುತಾತ್ಮರಾದಾಗ ಪಾರಾಯಣ ಮಾಡುತ್ತಿದ್ದ ಪ್ರತಿ ಇದೇ ಎಂದು ಪರಂಪರೆ ನಂಬುತ್ತದೆ. ಲಿಪಿಶೈಲಿಯನ್ನು ಪರಿಶೀಲಿಸಿದ ವಿದ್ವಾಂಸರು ಇದನ್ನು ಅನಂತರದ ತಲೆಮಾರುಗಳ ಕಾಲದ್ದೆಂದು ಅಭಿಪ್ರಾಯಪಟ್ಟಿದ್ದಾರೆ. ಇಂಥದೇ ಹೇಳಿಕೆಯಿರುವ ಪ್ರತಿಗಳು ಇಸ್ತಾಂಬುಲ್ ಮತ್ತು ಕೈರೋದಲ್ಲೂ ಇವೆ. ಹೀಗೆ ಹೇಳಿದರೆ ಕೆಲವರು ನೊಂದುಕೊಳ್ಳುತ್ತಾರೆ. ನೊಂದುಕೊಳ್ಳಬೇಕಾಗಿಲ್ಲ. ಹೇಗೆ ನೋಡಿದರೂ ಜಗತ್ತಿನ ಅತಿ ಪ್ರಾಚೀನ ಪ್ರತಿಗಳಲ್ಲೊಂದು ಅದು. ಅದರ ಅಲೆದಾಟದ ಕಥೆಯೇ ಸಾಕಷ್ಟು ಪಾಠ ಹೇಳುತ್ತದೆ. 1869ರಲ್ಲಿ ಇದೇ ಕೌಫ್‌ಮನ್ ಅದನ್ನು ಸಮರ್ಕಂದದಿಂದ ಒಯ್ದು ಸೇಂಟ್ ಪೀಟರ್ಸ್‌ಬರ್ಗಿನ ಗ್ರಂಥಾಲಯಕ್ಕೆ ಸೇರಿಸಿದ. ಕ್ರಾಂತಿಯ ಬಳಿಕ ಅದು ಉಫಾ ನಗರದ ಮುಸ್ಲಿಮರ ಕೈಸೇರಿತು. 1924ರಲ್ಲಿ ತಾಷ್ಕೆಂಟಿಗೆ ಬಂದು ದಶಕಗಳ ಕಾಲ ವಸ್ತುಸಂಗ್ರಹಾಲಯದ ಒಂದು ವಸ್ತುವಾಗಿ ಉಳಿಯಿತು. ಮುಸ್ಲಿಮರಿಗೆ ಮರಳಿ ದೊರೆತದ್ದು 1989ರಲ್ಲಿ. ಮೂಲದ ಹಾಳೆಗಳಲ್ಲಿ ಈಗ ಉಳಿದಿರುವುದು ಸುಮಾರು ಮೂರನೆಯ ಒಂದು ಭಾಗ ಮಾತ್ರ.

ಅದೇ ಅಂಗಳದಲ್ಲಿ ಅಬೂಬಕರ್ ಕಫ್ಫಾಲ್ ಶಾಶೀ(ರ) ಅವರ ಗೋರಿಯಿದೆ. ಕ್ರಿ.ಶ. 976ರಲ್ಲಿ ನಿಧನರಾದ ಈ ವಿದ್ವಾಂಸರು ಶಾಫಿಈ ಕರ್ಮಶಾಸ್ತ್ರದ ಹಿರಿಯರಲ್ಲೊಬ್ಬರು. ಆ ಪ್ರಾಂತದಲ್ಲಿ ಶಾಫಿಈ ಮದ್‌ಹಬನ್ನು ಹರಡಿದವರು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಇಂದಿಗೂ ಅದೇ ಮದ್‌ಹಬನ್ನು ಅನುಸರಿಸುತ್ತಾರೆ, ತಾಷ್ಕೆಂಟಿನವರು ಮಾತ್ರ ಹನಫಿಗಳು. ಇನ್ನು ಹನಫಿಗಳಾದ ನಮ್ಮ ಸೋದರರ ಮದ್ರಸಗಳಲ್ಲಿ ಓದಿಸುವ 'ಹಿದಾಯಾ' ಗ್ರಂಥವನ್ನು ಬರೆದ ಬುರ್ಹಾನುದ್ದೀನ್ ಮರ್ಗೀನಾನೀ(ರ) ಕೂಡ ಇದೇ ನಾಡಿನ ಫರ್ಗಾನಾ ಕಣಿವೆಯವರು. ಅಂದರೆ ನಮಗೂ ಆ ನಾಡಿಗೂ ಇರುವ ನಂಟು ಗುಮ್ಮಟಗಳಿಗಿಂತ ಹೆಚ್ಚಾಗಿ ಪುಸ್ತಕಗಳ ಮೂಲಕ ಬಂದದ್ದು.

ಸಮರ್ಕಂದಕ್ಕೆ ಬಂದರೆ ಕಣ್ಣು ಕೋರೈಸುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ರೆಗಿಸ್ತಾನ್ ಚೌಕದ ಮೂರು ಬದಿಗೂ ಮೂರು ಮದ್ರಸಗಳು: 1420ರಲ್ಲಿ ಮುಗಿದ ಉಲೂಗ್ ಬೇಗ್ ಮದ್ರಸ, 1636ರಲ್ಲಿ ಮುಗಿದ ಶೇರ್‌ದಾರ್, 1660ರ ತಿಲ್ಲಾಕಾರೀ. ಇಂದು ಅಲ್ಲಿ ವಿದ್ಯಾರ್ಥಿಗಳಿಲ್ಲ. ಅವರು ತಂಗುತ್ತಿದ್ದ ಹುಜ್ರಾಗಳಲ್ಲಿ ಕಸೂತಿಯ ಟೋಪಿ, ರೇಷ್ಮೆಯ ಶಾಲು, ಪಿಂಗಾಣಿ ತಟ್ಟೆಗಳ ಅಂಗಡಿಗಳಿವೆ. ಸ್ವಲ್ಪ ದೂರದಲ್ಲಿ ಬೀಬೀ ಖಾನಂ ಮಸೀದಿ. ತೈಮೂರ್ ಇದರ ಕೆಲಸವನ್ನು ಆರಂಭಿಸಿದ್ದು 1399ರಲ್ಲಿ, ದಿಲ್ಲಿಯನ್ನು ಲೂಟಿ ಮಾಡಿ ಹಿಂದಿರುಗಿದೊಡನೆ. ಕಲ್ಲುಗಳನ್ನು ಹೊತ್ತದ್ದು ನಮ್ಮ ದೇಶದಿಂದ ಒಯ್ದ ಆನೆಗಳು. ಕೆತ್ತಿದವರಲ್ಲಿ ಇಲ್ಲಿಂದ ಸೆರೆಹಿಡಿದು ಒಯ್ದ ಕಲ್ಲುಕುಟಿಗರಿದ್ದರು. ಮುಖದ್ವಾರ ತಗ್ಗಾಯಿತೆಂದು ತೈಮೂರ್ ಕೋಪಗೊಂಡು ಅದನ್ನು ಕೆಡವಿಸಿ ಮತ್ತೆ ಕಟ್ಟಿಸಿದ. ಅವಸರದ ಆ ಕಟ್ಟಡ ಬಹುಬೇಗನೆ ಶಿಥಿಲವಾಗತೊಡಗಿತು. 1897ರ ಭೂಕಂಪದಲ್ಲಿ ಅದರ ದೊಡ್ಡ ಕಮಾನು ಉರುಳಿತು. ಇಂದು ನಾವು ಕಾಣುವುದರಲ್ಲಿ ಹೆಚ್ಚಿನದು 20ನೇ ಶತಮಾನದ ಪುನರ್ನಿರ್ಮಾಣ.

ದಿಲ್ಲಿಯಲ್ಲಿ ಏನು ನಡೆಯಿತು? 1398ರ ಡಿಸೆಂಬರಿನಲ್ಲಿ, ಯುದ್ಧಕ್ಕೆ ಮುಂಚೆ, ತನ್ನ ಬಿಡಾರದಲ್ಲಿದ್ದ ಸೆರೆಯಾಳುಗಳನ್ನೆಲ್ಲ ಕೊಲ್ಲಲು ತೈಮೂರ್ ಆಜ್ಞಾಪಿಸಿದ. ಅವರ ಸಂಖ್ಯೆ ಒಂದು ಲಕ್ಷವೆಂದು ಬರೆದವರು ಅವನ ವೈರಿಗಳಲ್ಲ, ಅವನನ್ನು ಹೊಗಳಲು ಕುಳಿತ ಚರಿತ್ರೆಕಾರರು. ಸಂಖ್ಯೆಯಲ್ಲಿ ಅತಿಶಯೋಕ್ತಿ ಇರಬಹುದು, ಕೃತ್ಯದಲ್ಲಿಲ್ಲ. ಆ ಸೆರೆಯಾಳುಗಳಲ್ಲಿ ಬಹುತೇಕರು ಹಿಂದೂಗಳು. ಆ ದಿನಗಳಲ್ಲಿ ದಿಲ್ಲಿಯ ಸಿಂಹಾಸನದಲ್ಲಿದ್ದವನು ಮುಸ್ಲಿಮ್ ಸುಲ್ತಾನ. ಮುಂದೆ 1401ರಲ್ಲಿ ಇದೇ ಸೈನ್ಯ ದಮಸ್ಕಸ್ಸನ್ನು ಸುಟ್ಟಿತು. ಉಮವೀ ಮಸೀದಿಯೂ ಬೆಂಕಿಗೆ ತುತ್ತಾಯಿತು. ಮಹಾ ಚರಿತ್ರೆಕಾರ ಇಬ್ನ್ ಖಲ್ದೂನ್(ರ) ಕೋಟೆಯಿಂದ ಹಗ್ಗದ ಮೂಲಕ ಕೆಳಗಿಳಿದು ಹೋಗಿ ತೈಮೂರನನ್ನು ಭೇಟಿಯಾದದ್ದು ಆ ಮುತ್ತಿಗೆಯ ದಿನಗಳಲ್ಲಿ. ಅದೇ ವರ್ಷ ಬಗ್ದಾದಿನಲ್ಲಿ ಕತ್ತರಿಸಿದ ತಲೆಗಳ ಗೋಪುರಗಳೆದ್ದವು. ಅದಕ್ಕೂ ಮುಂಚೆ 1387ರಲ್ಲಿ ಇಸ್ಫಹಾನಿನಲ್ಲೂ ಹಾಗೆಯೇ ಆಗಿತ್ತು. ನಿರಾಯುಧ ಸೆರೆಯಾಳನ್ನು ಕೊಲ್ಲುವುದನ್ನು ನಮ್ಮ ಧರ್ಮ ಎಲ್ಲಿ ಒಪ್ಪುತ್ತದೆ? ಸೆರೆಯಾಳಿಗೆ ಉಣಬಡಿಸುವುದನ್ನು ಪುಣ್ಯಕಾರ್ಯವೆಂದು ಕುರ್‌ಆನ್ ಎಣಿಸಿದೆ. ಹೀಗಿರುವಾಗ ತೈಮೂರನು ಕಟ್ಟಿಸಿದ ಮಸೀದಿಯ ಎತ್ತರ ನೋಡಿ 'ನಮ್ಮವರು' ಎನ್ನುವಾಗ, ಆ ಮಾತಿನೊಳಗೆ ಯಾರನ್ನು ಸೇರಿಸಿಕೊಂಡಂತಾಯಿತು, ಯಾರನ್ನು ಹೊರಗಿಟ್ಟಂತಾಯಿತು? ನಮ್ಮ ನೆರೆಹೊರೆಯವರು ಈ ಹೆಸರನ್ನು ನಮ್ಮ ಮೇಲೆ ಎಸೆದಾಗ ನಾವು ಸಿಡಿಮಿಡಿಗೊಳ್ಳುತ್ತೇವೆ. ಅವನಿಗೂ ನಮಗೂ ಸಂಬಂಧವಿಲ್ಲ ಎನ್ನುತ್ತೇವೆ. ಸರಿಯಾದ ಮಾತು. ಆದರೆ ಹೆಮ್ಮೆಯ ಹೊತ್ತಿಗೆ ಸಂಬಂಧವಿದೆ, ದೂಷಣೆಯ ಹೊತ್ತಿಗೆ ಇಲ್ಲ ಎಂದರೆ ಅದನ್ನು ನಮ್ಮ ಮಕ್ಕಳೂ ನಂಬುವುದಿಲ್ಲ.

ಸ್ವತಂತ್ರ ಉಝ್ಬೆಕಿಸ್ತಾನಕ್ಕೆ ಒಬ್ಬ ರಾಷ್ಟ್ರಪುರುಷ ಬೇಕಾಗಿದ್ದ, ಅದು ತೈಮೂರನನ್ನು ಆರಿಸಿಕೊಂಡಿತು. ಅದರ ಫಲ ತೈಮೂರ್ ಹುಟ್ಟಿದ ಸೀಮೆಯ ಶಹರಿಸಬ್ಝ್ ಪಟ್ಟಣದಲ್ಲಿ ಕಾಣಸಿಗುತ್ತದೆ. ಅವನ ಅರಮನೆಯ ಅವಶೇಷದ ಸುತ್ತ ವಿಶಾಲ ಉದ್ಯಾನ ನಿರ್ಮಿಸಲೆಂದು ಮಧ್ಯಕಾಲೀನ ಮಹಲ್ಲಾಗಳನ್ನು ನೆಲಸಮ ಮಾಡಲಾಯಿತು. 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದ ಯುನೆಸ್ಕೋ, 2016ರಲ್ಲಿ ಆ ಪಟ್ಟಣವನ್ನು ಅಪಾಯದಲ್ಲಿರುವ ತಾಣಗಳ ಸಾಲಿಗೆ ಸೇರಿಸಿತು. ಸ್ಮಾರಕವನ್ನು ಗೌರವಿಸಲು ಹೋಗಿ ಸ್ಮಾರಕದ ಜೊತೆ ಆರು ಶತಮಾನ ಬಾಳಿದ ಜನವಸತಿಯನ್ನು ಕಿತ್ತೊಗೆಯುವ ಈ ಪರಿ ನಮಗಂತೂ ಅರ್ಥವಾಗುವುದಿಲ್ಲ.

ಅದೇ ವಂಶದಲ್ಲಿ ಉಲೂಗ್ ಬೇಗ್ ಹುಟ್ಟಿದ. ತೈಮೂರನ ಮೊಮ್ಮಗ. ಈತನೂ ಅರಸನೇ, ಆದರೆ ಯುದ್ಧದಲ್ಲಿ ಹೇಳಿಕೊಳ್ಳುವಂಥ ಯಶಸ್ಸು ಪಡೆದವನಲ್ಲ. ಬುಖಾರಾದಲ್ಲಿ ತಾನು ಕಟ್ಟಿಸಿದ ಮದ್ರಸದ ಬಾಗಿಲಿನ ಮೇಲೆ, ಜ್ಞಾನಾರ್ಜನೆಯು ಪ್ರತಿಯೊಬ್ಬ ಮುಸ್ಲಿಮ್ ಸ್ತ್ರೀಪುರುಷರ ಕರ್ತವ್ಯವೆಂಬ ಮಾತನ್ನು ಕೆತ್ತಿಸಿದ. ಸಮರ್ಕಂದದ ಹೊರವಲಯದ ಗುಡ್ಡದ ಮೇಲೆ ವೀಕ್ಷಣಾಲಯ ಕಟ್ಟಿಸಿ, ಸುಮಾರು 40 ಮೀಟರ್ ತ್ರಿಜ್ಯದ ಬೃಹತ್ ಕಮಾನಿನ ಮೂಲಕ ಸೂರ್ಯ ಮತ್ತು ನಕ್ಷತ್ರಗಳ ಎತ್ತರವನ್ನು ಅಳೆಯಿಸಿದ. ದುರ್ಬೀನು ಇನ್ನೂ ಹುಟ್ಟಿರಲಿಲ್ಲ. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು ದಾಖಲಿಸಿದ ಅವನ ಕೋಷ್ಟಕದಲ್ಲಿ, ನಾಕ್ಷತ್ರಿಕ ವರ್ಷದ ಅವಧಿಯು ಇಂದಿನ ಲೆಕ್ಕಕ್ಕಿಂತ ಸುಮಾರು ಒಂದು ನಿಮಿಷದಷ್ಟೇ ಹೆಚ್ಚು. ಅವನ ಬಳಿಯಿದ್ದ ಜಮ್‌ಶೀದ್ ಕಾಶೀ ಎಂಬ ಗಣಿತಜ್ಞ 'ಪೈ'ಯ ಬೆಲೆಯನ್ನು 16 ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ಕಂಡುಹಿಡಿದ. ಮುನ್ನೂರು ವರ್ಷಗಳ ಬಳಿಕ ನಮ್ಮ ದೇಶದಲ್ಲಿ ರಾಜಾ ಸವಾಯಿ ಜಯಸಿಂಹ ದಿಲ್ಲಿ, ಜಯಪುರಗಳಲ್ಲಿ ಜಂತರ್ ಮಂತರ್ ಕಟ್ಟಿಸಿದಾಗ ಅವನ ಮುಂದಿದ್ದ ಮಾದರಿ ಸಮರ್ಕಂದದ್ದೇ. ತೈಮೂರ್ ಸುಟ್ಟ ದಿಲ್ಲಿಗೆ ಅವನ ಮೊಮ್ಮಗನ ಲೆಕ್ಕ ಹೀಗೆ ಬಂದು ತಲುಪಿತು.

1449ರಲ್ಲಿ ಉಲೂಗ್ ಬೇಗನನ್ನು ಕೊಲ್ಲಿಸಿದವನು ಅವನ ಮಗನೇ. ವೀಕ್ಷಣಾಲಯ ಹಾಳುಬಿದ್ದು, ಅದರ ನೆಲೆಯೇ ಮರೆತುಹೋಯಿತು. ಒಡನಾಡಿ ಅಲೀ ಕುಶ್ಜೀ ಕೋಷ್ಟಕಗಳ ಜ್ಞಾನವನ್ನು ಹೊತ್ತು ಇಸ್ತಾಂಬುಲ್ ಸೇರಿದ. 1908ರಲ್ಲಿ ವ್ಯಾತ್ಕಿನ್ ಎಂಬ ರಷ್ಯನ್ ಪುರಾತತ್ತ್ವಜ್ಞ ಹಳೆಯ ದಾಖಲೆಯೊಂದರ ಆಧಾರದಿಂದ ಗುಡ್ಡವನ್ನು ಅಗೆಸಿದಾಗ, ನೆಲದೊಳಗಿದ್ದ ಕಮಾನಿನ ಕೆಳಭಾಗ ಮಾತ್ರ ಸಿಕ್ಕಿತು. ಪ್ರವಾಸಿಗಳು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲವಂತೆ. ನಿಜವೇ, ಚಿತ್ರ ತೆಗೆಯಲು ಅಲ್ಲಿ ಅಷ್ಟೇನೂ ಇಲ್ಲ. ಕಲ್ಲಿನ ಒಂದು ಬಾಗು ಕತ್ತಲೆಗೆ ಇಳಿಯುತ್ತದೆ.

ಬುಖಾರಾದ ಹೆಸರು ನಮ್ಮ ನಾಲಗೆಯ ಮೇಲೆ ನಿತ್ಯವೂ ಇರುತ್ತದೆ, ಇಮಾಮ್ ಬುಖಾರಿ(ರ) ಅವರಿಂದಾಗಿ. ಹಿಜರಿ 194ರಲ್ಲಿ ಅಲ್ಲಿ ಹುಟ್ಟಿದರು. ತಂದೆ ಎಳವೆಯಲ್ಲೇ ತೀರಿಕೊಂಡರು, ತಾಯಿ ಬೆಳೆಸಿದರು. ಹದೀಸ್‌ಗಾಗಿ ಮಕ್ಕಾ, ಮದೀನಾ, ಬಸ್ರಾ, ಕೂಫಾ, ಬಗ್ದಾದ್, ಶಾಮ್, ಈಜಿಪ್ಟ್ ಎಂದು ದಶಕಗಳ ಕಾಲ ಅಲೆದರು. ಸುಮಾರು 6 ಲಕ್ಷ ವರದಿಗಳನ್ನು ಜರಡಿ ಹಿಡಿದು, ಪುನರಾವರ್ತನೆಗಳೂ ಸೇರಿ 7 ಸಾವಿರಕ್ಕಿಂತ ಸ್ವಲ್ಪ ಹೆಚ್ಚಿನವನ್ನು ತಮ್ಮ 'ಸಹೀಹ್'ನಲ್ಲಿ ಉಳಿಸಿಕೊಂಡರು. ಇದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕೊನೆಗಾಲದ ಕಥೆ ಅಷ್ಟಾಗಿ ಗೊತ್ತಿಲ್ಲ. ವೃದ್ಧಾಪ್ಯದಲ್ಲಿ ಹುಟ್ಟೂರಿಗೆ ಮರಳಿದ ಇಮಾಮರಿಗೆ ಅಲ್ಲಿನ ಆಡಳಿತಾಧಿಕಾರಿ ಖಾಲಿದ್ ಬಿನ್ ಅಹ್ಮದ್, ಅರಮನೆಗೆ ಬಂದು ತನಗೂ ತನ್ನ ಮಕ್ಕಳಿಗೂ ಗ್ರಂಥವನ್ನು ಓದಿ ಹೇಳಬೇಕೆಂದು ಹೇಳಿ ಕಳಿಸಿದ. ಜ್ಞಾನವನ್ನು ಅರಸರ ಬಾಗಿಲಿಗೆ ಒಯ್ದು ಹಗುರಗೊಳಿಸಲಾರೆ, ಬೇಕಾದವರು ತಮ್ಮ ಮಸೀದಿಗೋ ಮನೆಗೋ ಬರಬಹುದು ಎಂದು ಇಮಾಮರು ಉತ್ತರಿಸಿದರು. ಹಾಗಾದರೆ ತನ್ನ ಮಕ್ಕಳಿಗೆ ಇತರರಿಲ್ಲದ ಪ್ರತ್ಯೇಕ ಕೂಟವನ್ನಾದರೂ ನಡೆಸಲಿ ಎಂದ. ಅದಕ್ಕೂ ಒಪ್ಪಲಿಲ್ಲ. ಅಧಿಕಾರಿಯು ಕೆಲವು ವಿದ್ವಾಂಸರನ್ನೇ ಅವರ ವಿರುದ್ಧ ಎತ್ತಿಕಟ್ಟಿ ಊರು ಬಿಡಿಸಿದ. ಅಂದು ಬುಖಾರಾ ಹೊರಗಟ್ಟಿದ ಆ ವೃದ್ಧರ ಮೂಲಕವೇ ಇಂದು ಜಗತ್ತಿಗೆ ಆ ಊರಿನ ಗುರುತು! ಸಮರ್ಕಂದದ ಸಮೀಪದ ಖರ್ತಂಗ್ ಎಂಬ ಹಳ್ಳಿಯಲ್ಲಿ, ಬಂಧುಗಳ ಮನೆಯಲ್ಲಿ, ಹಿಜರಿ 256ರ ಈದುಲ್ ಫಿತ್ರ್‌ನ ರಾತ್ರಿ ಅವರು ತೀರಿಕೊಂಡರು.

ಬುಖಾರಾದ ಕಟ್ಟಡಗಳ ಬಗ್ಗೆ ಎರಡು ಮಾತು. 1127ರಲ್ಲಿ ಎದ್ದ ಕಲಾನ್ ಮಿನಾರ್ ಸುಮಾರು 46 ಮೀಟರ್ ಎತ್ತರ. 1220ರಲ್ಲಿ ಚಂಗೇಝ್ ಖಾನನ ದಾಳಿಯಲ್ಲಿ ಊರು ಉರಿಯಿತು, ಮಿನಾರ್ ಉಳಿಯಿತು. 1920ರಲ್ಲಿ ಕೆಂಪು ಸೇನೆಯ ಫಿರಂಗಿಗಳಿಗೂ ಉಳಿಯಿತು. ಅದರೆದುರಿನ ಮೀರೆ ಅರಬ್ ಮದ್ರಸವನ್ನು ಸೋವಿಯೆತ್ ಆಡಳಿತ ಮುಚ್ಚಿಸಿ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ತೆರೆಯಗೊಟ್ಟಿತು. ಅಷ್ಟು ದೊಡ್ಡ ಒಕ್ಕೂಟದಲ್ಲಿ ಬಹುಕಾಲ ಅಧಿಕೃತವಾಗಿ ನಡೆದ ಮದ್ರಸ ಬಹುತೇಕ ಅದೊಂದೇ.

ಆ ಎಪ್ಪತ್ತು ವರ್ಷ ದೀನ್ ಉಳಿದದ್ದು ಹೇಗೆಂಬುದನ್ನು ನಾವು ಕಟ್ಟಡಗಳಿಗಿಂತ ಹೆಚ್ಚು ಗಮನದಿಂದ ನೋಡಬೇಕು. 1929ರಲ್ಲಿ ಅರಬಿ ಲಿಪಿ ಹೋಗಿ ಲ್ಯಾಟಿನ್ ಬಂತು, 1940ರಲ್ಲಿ ಲ್ಯಾಟಿನ್ ಹೋಗಿ ಸಿರಿಲಿಕ್ ಬಂತು, 1993ರಲ್ಲಿ ಪುನಃ ಲ್ಯಾಟಿನ್. ಅಜ್ಜ ಬರೆದ ಪತ್ರವನ್ನು ಮೊಮ್ಮಗ ಓದಲಾರ. ಅಜ್ಜಿಯ ಗೋರಿಗಲ್ಲಿನ ಮೇಲಿರುವ ಹೆಸರನ್ನೂ ಓದಲಾರ. ಅಬ್ದುಲ್ಲಾ ಕಾದಿರೀ, ಚೊಲ್ಪಾನ್, ಫಿತ್ರತ್ ಎಂಬ ಮೂವರು ದೊಡ್ಡ ಲೇಖಕರನ್ನು 1938ರ ಅಕ್ಟೋಬರ್ 4ರಂದು ತಾಷ್ಕೆಂಟಿನಲ್ಲಿ ಒಂದೇ ದಿನ ಕೊಂದರು. ಇಂಥ ಕಾಲದಲ್ಲಿ 'ಓತಿನ್' ಎಂದು ಕರೆಯಲ್ಪಡುತ್ತಿದ್ದ ಮಹಿಳೆಯರು ಮನೆಯ ಒಳಕೋಣೆಗಳಲ್ಲಿ ಹೆಣ್ಣುಮಕ್ಕಳನ್ನೂ ನೆರೆಮನೆಯ ಚಿಕ್ಕವರನ್ನೂ ಕೂರಿಸಿಕೊಂಡು ಕುರ್‌ಆನ್ ಕಲಿಸಿದರು. ಕೋಕಂದದ ಸಮೀಪ ಹುಟ್ಟಿದ ಮುಹಮ್ಮದ್‌ಜಾನ್ ಹಿಂದೂಸ್ತಾನೀ(ರ) ನಮ್ಮ ಅಜ್ಮೀರದಲ್ಲಿ ಕಲಿತವರು, ಆ ಹೆಸರು ಬಂದದ್ದೂ ಹಾಗೆಯೇ; ವರ್ಷಗಟ್ಟಲೆ ಸೆರೆಶಿಬಿರಗಳಲ್ಲಿ ಕಳೆದು ಬಂದು, ದುಶಂಬೆಯಲ್ಲಿ ಗುಟ್ಟಾಗಿ ಪಾಠ ಹೇಳಿದರು. ಈ ಓತಿನ್‌ಗಳ ಹೆಸರಿನಲ್ಲಿ ಯಾವ ಗುಮ್ಮಟವೂ ಇಲ್ಲ, ಯಾವ ಕ್ಯಾಲೆಂಡರಿನಲ್ಲೂ ಅವರ ಚಿತ್ರವಿಲ್ಲ. ನಮ್ಮ ಮನೆಗಳಲ್ಲಿ ಅಜ್ಜಂದಿರ ಉರ್ದೂ ಪತ್ರಗಳೂ ಅಜ್ಜಿಯರ ಅರಬಿ ಮಲಯಾಳದ ಕಿತಾಬುಗಳೂ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಯಾವ ಸರಕಾರವೂ ನಮ್ಮ ಲಿಪಿಯನ್ನು ನಿಷೇಧಿಸಿರಲಿಲ್ಲವೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಮಾಮ್ ಬುಖಾರಿಯವರ ಗೋರಿಯೂ ಸೋವಿಯೆತ್ ಕಾಲದಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು. 1956ರಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಕಾರ್ನೋ ಅದನ್ನು ನೋಡಬೇಕೆಂದು ಹಟ ಹಿಡಿದಾಗಷ್ಟೇ ಅಧಿಕಾರಿಗಳು ಹುಡುಕಿ ಶುಚಿಗೊಳಿಸಿದರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. 1998ರಲ್ಲಿ ದೊಡ್ಡ ಸ್ಮಾರಕ ಎದ್ದಿತು. ಅಮೃತಶಿಲೆ, ನೀಲಿ ಗುಮ್ಮಟ, ಎಲ್ಲವೂ ಬಂತು. ಅರಮನೆಗೆ ಕಾಲಿಡಲು ಒಪ್ಪದಿದ್ದವರ ಮೇಲೆ ಅರಮನೆಯಂಥ ಕಟ್ಟಡ ಕಟ್ಟಿದ್ದಾರಲ್ಲ ಎಂದು ನಮಗೆ ಅನಿಸಿದರೆ ಅದನ್ನು ತಪ್ಪೆನ್ನಬಾರದು.

ಸಮರ್ಕಂದಕ್ಕೆ ಹೋಗುವ ಶಕ್ತಿಯಿರುವವರು ಅವಶ್ಯ ಹೋಗಲಿ. ಆದರೆ ಅದಕ್ಕೆ ಮೊದಲು ಮಕ್ಕಳನ್ನು ಕರೆದುಕೊಂಡು ಬೀದರಿಗೆ ಒಮ್ಮೆ ಹೋಗಿ ಬರುವಂತೆ ನಾವು ಕೇಳಿಕೊಳ್ಳುತ್ತೇವೆ. ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿಯರ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಕಟ್ಟಿಸಿದ ಮದ್ರಸವು ಅದೇ ಸಮರ್ಕಂದ, ಖುರಾಸಾನ್ ಮಾದರಿಯದು: ಮೂರು ಅಂತಸ್ತು, ನಡುವೆ ಅಂಗಳ, ಸುತ್ತಲೂ ವಿದ್ಯಾರ್ಥಿಗಳ ಕೋಣೆಗಳು, ಉಪನ್ಯಾಸದ ಸಭಾಂಗಣಗಳು, ಸುಮಾರು 3 ಸಾವಿರ ಹಸ್ತಪ್ರತಿಗಳಿದ್ದವೆನ್ನಲಾದ ಗ್ರಂಥಾಲಯ. ಹೇರಾತಿನ ಕವಿ ಜಾಮೀ(ರ) ಅವರೊಡನೆ ಗವಾನ್ ಪತ್ರವ್ಯವಹಾರ ಇಟ್ಟುಕೊಂಡಿದ್ದ. 1481ರಲ್ಲಿ ಶತ್ರುಗಳು ಸೃಷ್ಟಿಸಿದ ನಕಲಿ ಪತ್ರವೊಂದನ್ನು ನಂಬಿ ಸುಲ್ತಾನನು ಅವನ ತಲೆ ತೆಗೆಸಿದ. 17ನೇ ಶತಮಾನದ ಕೊನೆಯಲ್ಲಿ ಮೊಗಲ ಸೈನ್ಯದ ಕಾಲಕ್ಕೆ, ಒಳಗಿದ್ದ ಮದ್ದುಗುಂಡು ಸಿಡಿದು ಒಂದು ಪಾರ್ಶ್ವ ಹಾರಿಹೋಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ; ಅದರ ಮೇಲೆ ನೀಲಿ, ಹಸಿರು ಹೆಂಚುಗಳ ಅಂಕುಡೊಂಕು ಪಟ್ಟಿಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಒಳಗೆ ಹೋಗಿ ಒಂದು ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ, ಇಲ್ಲಿ ಏನನ್ನು ಓದಿಸುತ್ತಿದ್ದರೆಂದು ನೀವೇ ಅವರಿಗೆ ಹೇಳಿ. ಹೇಳಲು ತಿಳಿಯದಿದ್ದರೆ ಮನೆಗೆ ಬಂದು ಓದಿ, ಇನ್ನೊಮ್ಮೆ ಕರೆದುಕೊಂಡು ಹೋಗಿ.